ಕೂಲೆಂಟ್ ಬದಲಿಸಿದ ಮೇಲೂ ಗಾಡಿ ಬಿಸಿಯಾಗುತ್ತಿದೆಯೇ? ಗಾಳಿ ತೆಗೆಯುವವರೆಗಿನ ಪೂರ್ತಿ ಕೆಲಸ

‘ಹೊಸ ಕೂಲೆಂಟ್ ಹಾಕಿದೆ, ಆದರೂ ಚಾಮುಂಡಿ ಬೆಟ್ಟ ಹತ್ತುವಾಗ ಮುಳ್ಳು ಮೇಲಕ್ಕೆ ಹೋಗುತ್ತೆ’ ಅಂತ ಕೇಳುವವರು ಜಾಸ್ತಿಯಾಗಿದ್ದಾರೆ. ಕೂಲೆಂಟ್ ಅಂದರೆ ಇಂಜಿನ್ನನ್ನು ತಣಿಸಲು ಒಳಗೆ ಸುತ್ತುವ ದ್ರವ, ಮುಳ್ಳು ಅಂದರೆ ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ಬಿಸಿ ತೋರಿಸುವ ಮುಳ್ಳು. ಕೂತು ವಿಚಾರಿಸಿದರೆ ಎಲ್ಲರದ್ದೂ ಒಂದೇ ಕಥೆ. ಹಳೆಯದನ್ನು ಇಳಿಸಿದರು, ಹೊಸದನ್ನು ಸುರಿದರು, ಮುಚ್ಚಳ ಮುಚ್ಚಿ ಹೊರಟರು. ಒಳಗೆ ಸಿಕ್ಕಿಕೊಂಡ ಗಾಳಿಯನ್ನು ಯಾರೂ ತೆಗೆದಿಲ್ಲ.

ನಾನೂ ಮೊದಲ ಸಲ ಹಾಗೇ ಮಾಡಿದ್ದೆ. ಕೂಲೆಂಟಿನ ಪ್ಲಾಸ್ಟಿಕ್ ಡಬ್ಬಿ ತುಂಬಿದೆಯಲ್ಲ, ಇನ್ನೇನು ಅಂದುಕೊಂಡು ಮೈಸೂರಿನಿಂದ ಹೊರಟವನು ಮಂಡ್ಯ ದಾಟುವುದರೊಳಗೆ ರಸ್ತೆ ಪಕ್ಕ ನಿಂತಿದ್ದೆ. ಆದ್ದರಿಂದ ಇಲ್ಲಿ ಹೆಜ್ಜೆಗಳ ಕ್ರಮವೇ ಮುಖ್ಯ. ಯಾವುದನ್ನೂ ಹಿಂದೆ ಮುಂದೆ ಮಾಡಬೇಡಿ.

## ಈಗಲೇ ದಾರಿಯಲ್ಲಿ ಸಿಕ್ಕಿಕೊಂಡಿದ್ದರೆ

ಮುಳ್ಳು ಏರುತ್ತಿದೆ, ಆದರೆ ಇನ್ನೂ ಕೆಂಪಿಗೆ ಹೋಗಿಲ್ಲ ಅನ್ನುವಾಗ ಎ.ಸಿ. ಆರಿಸಿ. ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋವರ್ ಜೋರಾಗಿ ಇಡಿ, ಕಿಟಕಿ ಇಳಿಸಿ. ಬೇಸಿಗೆಯಲ್ಲಿ ಹೀಟರಾ ಅಂತ ನಗಬೇಡಿ. ಹೀಟರ್ ಒಳಗಿರುವುದು ಇನ್ನೊಂದು ಪುಟ್ಟ ರೇಡಿಯೇಟರ್, ಅಂದರೆ ಕೂಲೆಂಟಿನ ಬಿಸಿಯನ್ನು ಗಾಳಿಗೆ ಬಿಡುವ ಭಾಗ. ಇಂಜಿನ್ನಿನ ಒಂದಷ್ಟು ಬಿಸಿ ಅದರ ಮೂಲಕ ಹೊರಗೆ ಹೋಗುತ್ತದೆ. ಮುಂದೆ ನಿಲ್ಲಿಸಲು ಜಾಗ ಸಿಗುವವರೆಗೆ ಅಷ್ಟು ಸಾಕು.

ಕೆಂಪು ದೀಪ ಹತ್ತಿದರೆ ಅಥವಾ ಹಬೆ ಕಂಡರೆ ಪಕ್ಕಕ್ಕೆ ತೆಗೆದು ಇಂಜಿನ್ ಆರಿಸಿ. ‘ಇನ್ನೆರಡು ಕಿಲೋಮೀಟರ್ ತಾನೆ’ ಅನ್ನುವ ಮಾತೇ ಬೇಡ. ಈಗಿನ ಹೆಚ್ಚಿನ ಇಂಜಿನ್ನುಗಳ ಹೆಡ್ (ಸಿಲಿಂಡರುಗಳನ್ನು ಮೇಲಿನಿಂದ ಮುಚ್ಚುವ ಭಾಗ) ಅಲ್ಯುಮಿನಿಯಮ್‌ನದು. ಜಾಸ್ತಿ ಬಿಸಿಯಾದರೆ ಸೊಟ್ಟಗಾಗುತ್ತದೆ. ಆ ಎರಡು ಕಿಲೋಮೀಟರಿಗೆ ತೆರುವ ದುಡ್ಡಿನಲ್ಲಿ ಹತ್ತಾರು ಸಲ ಕೂಲೆಂಟ್ ಬದಲಿಸಬಹುದು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಾದರೆ ಎಲ್ಲರೂ ಇಳಿದು ತಡೆಬೇಲಿಯ ಆಚೆ ನಿಂತು 1033ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಹೆದ್ದಾರಿಗಳ ಸಹಾಯವಾಣಿ.

ರೇಡಿಯೇಟರ್ ಅಥವಾ ಕೂಲೆಂಟ್ ಡಬ್ಬಿಯ ಮುಚ್ಚಳ ಮಾತ್ರ ಮುಟ್ಟಬೇಡಿ. ಕನಿಷ್ಠ ಒಂದು ಗಂಟೆ ಕಾಯಿರಿ. ಬಿಸಿ ಇಂಜಿನ್ ಮೇಲೆ ತಣ್ಣೀರು ಎರಚಬೇಡಿ, ಲೋಹ ಬಿರುಕು ಬಿಡುತ್ತದೆ. ಪೂರ್ತಿ ತಣಿದ ಮೇಲೆ ಕೈಯಲ್ಲಿರುವ ಕುಡಿಯುವ ನೀರು ತುಂಬಿ ಹತ್ತಿರದ ಊರು ಸೇರಬಹುದು. ಆದರೆ ಅದನ್ನೇ ಒಳಗೆ ಬಿಟ್ಟು ತಿಂಗಳುಗಟ್ಟಲೆ ಓಡಿಸಬೇಡಿ.

## ಹಂತ 1: ಬಾನೆಟ್ ಕೆಳಗೆ ಯಾವುದು ಏನು ಅಂತ ಗುರುತು ಹಿಡಿಯಿರಿ

ಬೆಳಗ್ಗೆ, ಗಾಡಿ ತಣ್ಣಗಿರುವಾಗ ಬಾನೆಟ್ ಎತ್ತಿ. ಮುಂದುಗಡೆ ಜಾಲರಿಯ ಹಿಂದೆ ಇರುವುದು ಎ.ಸಿ.ಯ ಕಂಡೆನ್ಸರ್. ಅದರ ಹಿಂದೆ ರೇಡಿಯೇಟರ್. ಹೆಚ್ಚಿನವರು ಮೊದಲು ಕಾಣುವ ಕಂಡೆನ್ಸರನ್ನೇ ರೇಡಿಯೇಟರ್ ಅಂದುಕೊಳ್ಳುತ್ತಾರೆ. ರೇಡಿಯೇಟರಿನಿಂದ ಎರಡು ದಪ್ಪ ರಬ್ಬರ್ ಹೋಸ್ ಇಂಜಿನ್ನಿಗೆ ಹೋಗಿರುತ್ತವೆ. ಒಂದರಲ್ಲಿ ಬಿಸಿ ಕೂಲೆಂಟ್ ರೇಡಿಯೇಟರಿಗೆ ಬರುತ್ತದೆ, ಸಾಮಾನ್ಯವಾಗಿ ಮೇಲಿನದು. ಇನ್ನೊಂದರಲ್ಲಿ ತಣಿದದ್ದು ವಾಪಸು ಹೋಗುತ್ತದೆ.

ಹೆಚ್ಚಿನ ಗಾಡಿಗಳಲ್ಲಿ ವಾಟರ್ ಪಂಪ್ ಬೆಲ್ಟಿನಿಂದ ತಿರುಗುತ್ತದೆ. ಕೂಲೆಂಟನ್ನು ಸುತ್ತಿಸುವುದು ಇದೇ. ಬೆಲ್ಟ್ ಕಡಿದರೆ ಕೂಲೆಂಟ್ ಎಷ್ಟೇ ಇದ್ದರೂ ನಿಂತ ನೀರು. ಪಂಪಿನ ಮೈಯಲ್ಲಿ ಒಂದು ಸಣ್ಣ ತೂತು ಇರುತ್ತದೆ. ಅಲ್ಲಿ ಬಣ್ಣದ ಕಲೆ ಕಂಡರೆ ಒಳಗಿನ ಸೀಲ್ ಹೋಗುತ್ತಿದೆ ಅಂತ.

ಥರ್ಮೋಸ್ಟಾಟ್ ಹೊರಗಿನಿಂದ ಕಾಣುವುದಿಲ್ಲ. ಅದು ಹೋಸ್ ಇಂಜಿನ್ನಿಗೆ ಸೇರುವ ಜಾಗದಲ್ಲಿ ಕೂತಿರುವ ಬಾಗಿಲು. ಒಳಗೆ ಮೇಣ ಇರುತ್ತದೆ. ಸುಮಾರು 82ರಿಂದ 88 ಡಿಗ್ರಿಗೆ ಮೇಣ ಕರಗಿ ಹಿಗ್ಗುತ್ತದೆ, ಬಾಗಿಲು ತೆರೆಯುತ್ತದೆ, ಆಗ ಕೂಲೆಂಟ್ ರೇಡಿಯೇಟರ್ ಕಡೆ ಹರಿಯುತ್ತದೆ. ‘ನಮ್ಮ ಸೆಕೆಗೆ ಥರ್ಮೋಸ್ಟಾಟ್ ಯಾಕೆ, ಕಿತ್ತು ಬಿಸಾಕಿ’ ಅಂತ ಸಲಹೆ ಕೊಡುವವರಿದ್ದಾರೆ. ಕೇಳಬೇಡಿ. ಇಂಜಿನ್ ಬಿಸಿಯೇರದೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಕೆಲವು ಇಂಜಿನ್ನುಗಳಲ್ಲಿ ಕೂಲೆಂಟ್ ರೇಡಿಯೇಟರಿಗೇ ಹೋಗದೆ ಅಡ್ಡದಾರಿಯಲ್ಲಿ ಸುತ್ತಿ ಇನ್ನೂ ಬಿಸಿಯಾಗುತ್ತದೆ.

ಕೊನೆಗೆ ಮುಚ್ಚಳ. ನೋಡೋಕೆ ಸಾಧಾರಣ, ಆದರೆ ಇದು ಕುಕ್ಕರ್ ಮುಚ್ಚಳದ ಥರ. ಮೈಸೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಬೆಟ್ಟದ ಮೇಲೆ ಇನ್ನೂ ಸ್ವಲ್ಪ ಕಮ್ಮಿ. ಇಂಜಿನ್ ಮಾಮೂಲಾಗಿ ಓಡುವ ಬಿಸಿಯೇ ಸುಮಾರು 90ರಿಂದ 100. ಮುಚ್ಚಳ ಒಳಗೆ ಒತ್ತಡ ಹಿಡಿದಿಡುವುದರಿಂದ ಕೂಲೆಂಟ್ ಕುದಿಯದೆ ಉಳಿಯುತ್ತದೆ. ಮುಚ್ಚಳದ ಮೇಲೆ 0.9 ಅಥವಾ 1.1 ಅಂತ ಬರೆದಿದ್ದರೆ ಅದು ಬಾರ್ ಲೆಕ್ಕದ ಒತ್ತಡ. 0.9 ಬಾರ್‌ನಲ್ಲಿ ಬರೀ ನೀರು ಕೂಡ 115 ಡಿಗ್ರಿ ದಾಟಿದ ಮೇಲೇ ಕುದಿಯುವುದು. ಮುಚ್ಚಳದ ರಬ್ಬರ್ ಸೀಳಿದ್ದರೆ ಈ ಲಾಭವೆಲ್ಲ ಹೋಯಿತು. ಬದಲಿಸುವಾಗ ಅದೇ ಸಂಖ್ಯೆಯದ್ದನ್ನೇ ಹಾಕಿ.

ಇನ್ನೊಂದು ಗಮನಿಸಿ. ಕೆಲವು ಗಾಡಿಗಳಲ್ಲಿ ರೇಡಿಯೇಟರ್ ಮೇಲೇ ಮುಚ್ಚಳ ಇರುತ್ತದೆ, ಪಕ್ಕದ ಪ್ಲಾಸ್ಟಿಕ್ ಡಬ್ಬಿ ಬರೀ ಉಕ್ಕಿದ್ದನ್ನು ಹಿಡಿಯಲು. ಇನ್ನು ಕೆಲವಕ್ಕೆ ರೇಡಿಯೇಟರ್ ಮೇಲೆ ಮುಚ್ಚಳವೇ ಇಲ್ಲ, ಡಬ್ಬಿಯೊಳಗೇ ಒತ್ತಡ ಇರುತ್ತದೆ. ನಿಮ್ಮದು ಯಾವುದು ಅಂತ ಈಗಲೇ ನೋಡಿಕೊಳ್ಳಿ. ಮುಂದಿನ ಹಂತಗಳಲ್ಲಿ ಬೇಕಾಗುತ್ತದೆ.

## ಹಂತ 2: ಎಲ್ಲಿ ಬಿಸಿಯಾಗುತ್ತದೆ ಅಂತ ನೋಡಿ

ಕೂಲೆಂಟ್ ಬದಲಿಸಿದರೆ ಎಲ್ಲ ರೋಗವೂ ವಾಸಿಯಾಗುವುದಿಲ್ಲ. ಮೊದಲು ಇದನ್ನು ಕೇಳಿಕೊಳ್ಳಿ: ಗಾಡಿ ಬಿಸಿಯಾಗುವುದು ನಿಂತಾಗಲೋ, ಓಡುವಾಗಲೋ?

ದಸರಾ ಸಮಯದಲ್ಲಿ ಕೆ.ಆರ್. ಸರ್ಕಲ್ ಹತ್ತಿರ ಅರ್ಧ ಗಂಟೆ ತೆವಳುವಾಗ ಮುಳ್ಳು ಏರಿ, ರಿಂಗ್ ರೋಡ್ ಹತ್ತಿದ ಕೂಡಲೇ ಇಳಿದರೆ ಅನುಮಾನ ಫ್ಯಾನ್ ಮೇಲೆ. ಓಡುವಾಗ ಎದುರುಗಾಳಿಯೇ ಸಾಕು, ನಿಂತಾಗ ಫ್ಯಾನ್ ಬೇಕು. ಸ್ಟಾರ್ಟ್ ಮಾಡಿ ಎ.ಸಿ. ಹಾಕಿ. ಹೆಚ್ಚಿನ ಗಾಡಿಗಳಲ್ಲಿ ಸ್ವಲ್ಪ ಹೊತ್ತಿನಲ್ಲೇ ರೇಡಿಯೇಟರ್ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಫ್ಯೂಸ್, ರಿಲೇ, ಮೋಟರ್ ಈ ಕ್ರಮದಲ್ಲಿ ನೋಡಿಸಿ.

ಊರೊಳಗೆ ಸರಿಯಿದ್ದು, ಹೆದ್ದಾರಿಯ ವೇಗದಲ್ಲಿ ಅಥವಾ ಬೆಟ್ಟದ ಏರಿನಲ್ಲಿ ಮಾತ್ರ ಬಿಸಿಯಾದರೆ ಕೂಲೆಂಟ್ ಸಾಲುತ್ತಿಲ್ಲ, ಇಲ್ಲವೇ ರೇಡಿಯೇಟರ್ ಕಟ್ಟಿದೆ. ಕಟ್ಟುವುದು ಒಳಗೂ ಆಗಬಹುದು, ಹೊರಗೂ ಆಗಬಹುದು. ಕಬ್ಬು ಸಾಗಿಸುವ ಕಾಲದಲ್ಲಿ ಮಂಡ್ಯ ಕಡೆಯ ರಸ್ತೆಗಳಲ್ಲಿ ಓಡಾಡುವವರು ಜಾಲರಿಯೊಳಗೆ ಒಮ್ಮೆ ಟಾರ್ಚ್ ಬಿಟ್ಟು ನೋಡಿ. ಕಬ್ಬಿನ ತರಗು, ಹುಳ, ಧೂಳು ಸೇರಿ ಕಂಬಳಿಯ ಹಾಗೆ ಕೂತಿರುತ್ತದೆ. ಮೆದು ಬ್ರಷ್ಷು ಮತ್ತು ಸಣ್ಣ ಒತ್ತಡದ ನೀರು ಸಾಕು. ಜೆಟ್ ಹೊಡೆದರೆ ತೆಳು ರೆಕ್ಕೆಗಳು ಮಡಚಿಕೊಂಡು ಇರುವ ಗಾಳಿಯೂ ನಿಲ್ಲುತ್ತದೆ.

ಸ್ಟಾರ್ಟ್ ಮಾಡಿದ ಕೆಲವೇ ನಿಮಿಷದಲ್ಲಿ ಬಿಸಿಯಾದರೆ, ಒಂದು ಹೋಸ್ ಸುಡುತ್ತಿದ್ದು ಇನ್ನೊಂದು ತಣ್ಣಗಿದ್ದರೆ, ಥರ್ಮೋಸ್ಟಾಟ್ ಮುಚ್ಚಿಕೊಂಡೇ ಅಂಟಿದೆ. ಅಥವಾ ಗಾಳಿ ಸಿಕ್ಕಿಕೊಂಡಿದೆ. ಈಚೆಗೆ ಯಾರಾದರೂ ಕೂಲೆಂಟ್ ಬದಲಿಸಿದ್ದರೆ ಎರಡನೆಯದೇ ಜಾಸ್ತಿ ಸಾಧ್ಯ. ಆಗ ಗಾಡಿ ಪೂರ್ತಿ ತಣಿಸಿ, ಹಂತ 4ರಲ್ಲಿ ಹೇಳಿದ ಹಾಗೆ ಮುಚ್ಚಳ ತೆಗೆದು, ನೇರ ಹಂತ 7ಕ್ಕೆ ಹೋಗಿ.

## ಹಂತ 3: ಸಾಮಾನು ಜೋಡಿಸಿಕೊಳ್ಳಿ

ಅಗಲ ಬಾಯಿಯ ಟಬ್, ಇಕ್ಕಳ, ಸ್ಕ್ರೂಡ್ರೈವರ್, ಉದ್ದ ಕತ್ತಿನ ಆಲಿಕೆ, ಕೈಗವಸು, ಹಳೆ ಬಟ್ಟೆ, ಅಳತೆ ಗುರುತಿರುವ ಜಗ್ಗು. ಗಾಡಿ ಕೆಳಗೆ ತೂರಬೇಕಾದರೆ ಜ್ಯಾಕ್ ಸ್ಟ್ಯಾಂಡ್ ಕಡ್ಡಾಯ. ಬರೀ ಜ್ಯಾಕ್ ನಂಬಿ, ಇಟ್ಟಿಗೆ ಜೋಡಿಸಿ ಕೆಳಗೆ ಹೋಗಬೇಡಿ.

ಕೂಲೆಂಟ್ ಎರಡು ಥರ ಸಿಗುತ್ತದೆ. ನೀರು ಬೆರೆಸಿಯೇ ಬರುವ ರೆಡಿಮಿಕ್ಸ್, ನಾವೇ ಬೆರೆಸಬೇಕಾದ ಗಟ್ಟಿ ಕೂಲೆಂಟ್. ಡಬ್ಬದ ಮೇಲೆ ಓದಿ ತೆಗೆದುಕೊಳ್ಳಿ. ಹಸಿರು, ಕೆಂಪು, ನೀಲಿ ಅನ್ನುವುದು ಬರೀ ಬಣ್ಣ. ಒಂದೊಂದು ಕಂಪನಿ ಒಂದೊಂದು ಹಾಕುತ್ತದೆ. ಬಣ್ಣ ನೋಡಿ ಬೆರೆಸಬೇಡಿ, ಗಾಡಿಯ ಮ್ಯಾನುಯಲ್‌ನಲ್ಲಿ ಯಾವ ಜಾತಿ ಅಂತ ಬರೆದಿದೆಯೋ ಅದನ್ನೇ ಕೇಳಿ. ಹೊಂದದ ಎರಡು ಜಾತಿ ಸೇರಿದರೆ ತುಕ್ಕು ತಡೆಯುವ ಗುಣ ಹೋಗುತ್ತದೆ, ಕೆಲವೊಮ್ಮೆ ಗಂಜಿಯಂತೆ ಗಟ್ಟಿಯಾಗುತ್ತದೆ.

ನೀರಿನ ವಿಷಯದಲ್ಲಿ ನನ್ನದು ಹಟ. ಡಿಸ್ಟಿಲ್ಡ್ ವಾಟರ್ ಮಾತ್ರ. ಬೋರ್‌ವೆಲ್ ನೀರು ಕಾಯಿಸುವ ಹಂಡೆಯ ತಳದಲ್ಲಿ ಬಿಳಿ ಪದರ ನೋಡಿದ್ದೀರಲ್ವಾ? ಅದೇ ಸುಣ್ಣ ರೇಡಿಯೇಟರಿನ ತೆಳು ನಳಿಗೆಗಳಲ್ಲಿ ಕೂರುತ್ತದೆ. ಬ್ಯಾಟರಿಗೆ ಹಾಕುವ ನೀರು ಅಂತ ಕೇಳಿದರೆ ಅಂಗಡಿಯಲ್ಲಿ ಕೊಡುತ್ತಾರೆ. ಬ್ಯಾಟರಿ ಆಸಿಡ್ ಬೇರೆ, ಡಬ್ಬ ನೋಡಿ ತನ್ನಿ.

‘ಇಲ್ಲಿ ಹಿಮ ಬೀಳಲ್ಲ, ಬರೀ ನೀರು ಸಾಲದಾ?’ ಸಾಲದು. ಕೂಲೆಂಟಿನಲ್ಲಿರುವ ಗ್ಲೈಕಾಲ್ ಹೆಪ್ಪುಗಟ್ಟುವುದರ ಜೊತೆಗೆ ಕುದಿಯುವುದನ್ನೂ ತಡೆಯುತ್ತದೆ. ಅದರ ಜೊತೆಗಿರುವ ಔಷಧಗಳು ತುಕ್ಕು ತಡೆಯುತ್ತವೆ. ಬರೀ ನೀರು ಹಾಕಿದ ಗಾಡಿಯ ಡಬ್ಬಿಯಲ್ಲಿ ಸ್ವಲ್ಪ ದಿನಕ್ಕೇ ಕೆಂಪು ಮಣ್ಣಿನ ಬಣ್ಣ ಕಾಣುತ್ತದೆ.

## ಹಂತ 4: ತಣ್ಣಗಾದ ಮೇಲೆ ಬಿಚ್ಚಿ, ಹಳೆಯದನ್ನು ಇಳಿಸಿ

ರಾತ್ರಿಯೆಲ್ಲ ನಿಂತ ಗಾಡಿ ಒಳ್ಳೆಯದು. ವಿಷಲ್ ಹೊಡೆಯುವ ಕುಕ್ಕರಿನ ಮುಚ್ಚಳ ಯಾರೂ ತೆಗೆಯುವುದಿಲ್ಲ. ಇದೂ ಹಾಗೇ. ಒತ್ತಡ ಇಳಿದ ಕ್ಷಣ ಕೂಲೆಂಟ್ ಒಮ್ಮೆಲೇ ಕುದಿದು ಮುಖಕ್ಕೆ ಹಾರುತ್ತದೆ. ಮೇಲಿನ ಹೋಸ್ ಹಿಂಡಿ ನೋಡಿ. ಗಟ್ಟಿಯಾಗಿದ್ದರೆ ಒಳಗೆ ಇನ್ನೂ ಒತ್ತಡ ಇದೆ, ಕಾಯಿರಿ. ಮೆತ್ತಗಿದ್ದರೆ ಮುಚ್ಚಳದ ಮೇಲೆ ಬಟ್ಟೆ ಹಾಕಿ ನಿಧಾನ ತಿರುಗಿಸಿ.

ಹೋಸ್ ಮೆತ್ತಗಲ್ಲ, ಹೀರಿಕೊಂಡ ಹಾಗೆ ಚಪ್ಪಟೆಯಾಗಿದೆಯಾ? ಅದೊಂದು ಸುಳಿವು. ತಣಿಯುವಾಗ ಡಬ್ಬಿಯಿಂದ ಕೂಲೆಂಟ್ ವಾಪಸು ಎಳೆದುಕೊಳ್ಳಲು ಆಗುತ್ತಿಲ್ಲ. ಮುಚ್ಚಳದ ಚಿಕ್ಕ ವಾಲ್ವ್ ಅಂಟಿದೆ, ಇಲ್ಲವೇ ಸಣ್ಣ ಪೈಪ್ ಕಟ್ಟಿದೆ.

ಇಗ್ನಿಷನ್ ಆನ್ ಮಾಡಿ ಹೀಟರನ್ನು ಪೂರ್ತಿ ಬಿಸಿಗಿಟ್ಟು, ಮತ್ತೆ ಆಫ್ ಮಾಡಿ ಕೀ ತೆಗೆದುಬಿಡಿ. ಎಲೆಕ್ಟ್ರಿಕ್ ಫ್ಯಾನ್ ಹೇಳದೆ ಕೇಳದೆ ತಿರುಗಬಹುದು. ರೇಡಿಯೇಟರಿನ ತಳದಲ್ಲಿ ಡ್ರೈನ್ ಪ್ಲಗ್ ಇದ್ದರೆ ಅದನ್ನು ತೆಗೆಯಿರಿ. ಇಲ್ಲದಿದ್ದರೆ ಕೆಳಗಿನ ಹೋಸಿನ ಕ್ಲಿಪ್ಪನ್ನು ಇಕ್ಕಳದಿಂದ ಸರಿಸಿ ಹೋಸ್ ಬಿಡಿಸಿ. ಹಳೆ ಹೋಸ್ ಅಂಟಿಕೊಂಡಿರುತ್ತದೆ. ಎಳೆಯಬೇಡಿ, ಮೊದಲು ತಿರುಚಿ ಸಡಿಲ ಮಾಡಿ. ಎಳೆದಾಡಿದರೆ ರೇಡಿಯೇಟರಿನ ಪ್ಲಾಸ್ಟಿಕ್ ಮೂತಿ ಮುರಿದು ಕೈಗೆ ಬರುತ್ತದೆ.

ಇಳಿದದ್ದನ್ನು ಅಳೆದು ಬರೆದಿಡಿ. ಟಬ್ಬನ್ನು ಬಿಟ್ಟು ಒಳಗೆ ಹೋಗಬೇಡಿ. ಕೂಲೆಂಟ್ ಸಿಹಿಯಾಗಿರುತ್ತದೆ, ನಾಯಿ ಬೆಕ್ಕು ನೆಕ್ಕುತ್ತವೆ, ಮಕ್ಕಳೂ ಮುಟ್ಟುತ್ತಾರೆ. ಅದು ವಿಷ. ಚರಂಡಿಗೂ ಗದ್ದೆ ಬದುವಿಗೂ ಸುರಿಯದೆ, ಮುಚ್ಚಳವಿರುವ ಕ್ಯಾನಿಗೆ ಹಾಕಿ ಹಳೆ ಆಯಿಲ್ ಸಂಗ್ರಹಿಸುವ ಗ್ಯಾರೇಜಿನಲ್ಲಿ ವಿಚಾರಿಸಿ.

## ಹಂತ 5: ತೊಳೆಯಿರಿ

ಇಳಿದ ಕೂಲೆಂಟ್ ಸ್ವಚ್ಛವಾಗಿದ್ದು, ಅದೇ ಜಾತಿಯದ್ದನ್ನೇ ಹಾಕುವುದಾದರೆ ಈ ಹಂತ ಬಿಡಬಹುದು. ತುಕ್ಕಿನ ಬಣ್ಣ ಇದ್ದರೆ ಬಿಡುವ ಹಾಗಿಲ್ಲ. ಪ್ಲಗ್ ಅಥವಾ ಬಿಡಿಸಿದ ಹೋಸ್ ವಾಪಸು ಹಾಕಿ, ಡಿಸ್ಟಿಲ್ಡ್ ವಾಟರ್ ತುಂಬಿ, ಹೀಟರ್ ಬಿಸಿಯಲ್ಲಿಟ್ಟು ಫ್ಯಾನ್ ತಿರುಗುವವರೆಗೆ ಸ್ಟಾರ್ಟ್‌ನಲ್ಲಿಡಿ. ಮತ್ತೆ ಪೂರ್ತಿ ತಣಿಸಿ ಇಳಿಸಿ. ತಿಳಿ ನೀರು ಬರುವವರೆಗೆ ಇದೇ ಕೆಲಸ. ಒಂದು ಭಾನುವಾರ ಪೂರ್ತಿ ಹೋಗುತ್ತದೆ, ಹೇಳಿಬಿಟ್ಟಿದ್ದೇನೆ.

ಸೋರಿಕೆ ನಿಲ್ಲಿಸುವ ಪುಡಿ, ದ್ರಾವಣ ಅಂತ ಅಂಗಡಿಯಲ್ಲಿ ತೋರಿಸುತ್ತಾರೆ. ನಾನು ಹಾಕುವುದಿಲ್ಲ. ತೂತು ಮುಚ್ಚುವ ಪದಾರ್ಥಕ್ಕೆ ಸೋರುವ ತೂತು ಯಾವುದು, ಹೀಟರಿನ ಸಣ್ಣ ನಳಿಗೆ ಯಾವುದು ಅಂತ ಗೊತ್ತಾಗುವುದಿಲ್ಲ.

## ಹಂತ 6: ಅಳತೆ ಹಾಕಿ ತುಂಬಿ

ತೊಳೆದವರು ಎಡವುವುದು ಇಲ್ಲಿ. ನೀವು ಎಷ್ಟೇ ಇಳಿಸಿದರೂ ಇಂಜಿನ್ ಬ್ಲಾಕಿನೊಳಗೆ ಒಂದಷ್ಟು ನೀರು ಉಳಿದೇ ಇರುತ್ತದೆ. ಅದರ ಮೇಲೆ ರೆಡಿಮಿಕ್ಸ್ ಸುರಿದರೆ ಅದು ಇನ್ನೂ ತೆಳ್ಳಗಾಗುತ್ತದೆ. ಆದ್ದರಿಂದ ತೊಳೆದ ಗಾಡಿಗೆ ಗಟ್ಟಿ ಕೂಲೆಂಟೇ ಬೇಕು.

ಮೊದಲು ಪ್ಲಗ್ ಅಥವಾ ಹೋಸ್ ವಾಪಸು ಹಾಕಿ ಬಿಗಿಮಾಡಿ. ಲೆಕ್ಕ ಸುಲಭ. ಮ್ಯಾನುಯಲ್‌ನಲ್ಲಿ ಒಟ್ಟು ಎಷ್ಟು ಲೀಟರ್ ಅಂತ ಇರುತ್ತದೆ. 5 ಲೀಟರ್ ಅಂದುಕೊಳ್ಳಿ, ಅರ್ಧಕ್ಕರ್ಧ ಬೇಕು ಅಂದುಕೊಳ್ಳಿ. ಮೊದಲು ಎರಡೂವರೆ ಲೀಟರ್ ಗಟ್ಟಿ ಕೂಲೆಂಟ್ ಹಾಕಿ. ಉಳಿದ ಜಾಗಕ್ಕೆ ಡಿಸ್ಟಿಲ್ಡ್ ವಾಟರ್. ಒಳಗೆ ಉಳಿದ ನೀರೂ ಸೇರಿ ಲೆಕ್ಕ ಸರಿಹೋಗುತ್ತದೆ. ಮ್ಯಾನುಯಲ್ ನೂರಕ್ಕೆ 30 ಪಾಲು ಸಾಕು ಅಂದರೆ ಒಂದೂವರೆ ಲೀಟರ್. ತೊಳೆಯದೆ ಇಳಿಸಿದವರು ಮಾತ್ರ ನೇರವಾಗಿ ರೆಡಿಮಿಕ್ಸ್ ಹಾಕಬಹುದು.

ಸುರಿಯುವುದು ಸಣ್ಣ ಧಾರೆಯಲ್ಲಿ. ಕಿರಿದಾದ ಬಾಯಿಯ ಬಾಟಲಿಗೆ ಎಣ್ಣೆ ಒಮ್ಮೆಲೇ ಸುರಿದರೆ ಗುಳುಗುಳು ಅಂದು ಉಕ್ಕುತ್ತದಲ್ಲ, ಇಲ್ಲೂ ಅದೇ ಆಗುತ್ತದೆ. ಗಾಳಿಗೆ ಹೊರಗೆ ಬರಲು ದಾರಿ ಬಿಡಿ.

## ಹಂತ 7: ಗಾಳಿ ತೆಗೆಯಿರಿ

ಎಲ್ಲರೂ ಬಿಟ್ಟುಬಿಡುವ ಹಂತ ಇದು. ತೋಟದ ಪಂಪ್‌ಸೆಟ್ ನೋಡಿದವರಿಗೆ ಹೇಳಬೇಕಿಲ್ಲ. ಪೈಪಿನಲ್ಲಿ ಗಾಳಿ ಸೇರಿದರೆ ಮೋಟರ್ ತಿರುಗುತ್ತದೆ, ನೀರು ಬರಲ್ಲ. ವಾಟರ್ ಪಂಪಿಗೂ ಅದೇ ಪಾಡು. ಇನ್ನೊಂದು ಮೋಸ ಇದೆ. ಬಿಸಿ ಅಳೆಯುವ ಸೆನ್ಸರ್ ಕೂಲೆಂಟಿನಲ್ಲಿ ಮುಳುಗಿರಬೇಕು. ಅದರ ಸುತ್ತ ಗಾಳಿ ಇದ್ದರೆ ಇಂಜಿನ್ ಬೇಯುತ್ತಿದ್ದರೂ ಮುಳ್ಳು ಕೆಳಗೇ ಇರಬಹುದು.

ಮೊದಲು ಗಾಡಿಯ ಮೂತಿ ಎತ್ತರಕ್ಕೆ ಬರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ. ಮನೆ ಮುಂದಿನ ಕಾರು ಹತ್ತಿಸುವ ಇಳಿಜಾರೇ ಸಾಕು. ಹ್ಯಾಂಡ್ ಬ್ರೇಕ್ ಎಳೆದು ಹಿಂದಿನ ಗಾಲಿಗೆ ಕಲ್ಲು ಕೊಡಿ. ಗಾಳಿ ಯಾವಾಗಲೂ ಎತ್ತರದ ಜಾಗ ಹುಡುಕುತ್ತದೆ. ಆ ಎತ್ತರದ ಜಾಗ ನೀವು ತೆರೆದ ಬಾಯಿಯೇ ಆಗಿರಬೇಕು.

ಥರ್ಮೋಸ್ಟಾಟ್ ಹತ್ತಿರ ಅಥವಾ ಮೇಲಿನ ಹೋಸ್ ಮೇಲೆ ಗಾಳಿ ಬಿಡಲು ಕೊಟ್ಟಿರುವ ಸಣ್ಣ ಬ್ಲೀಡ್ ಸ್ಕ್ರೂ ಇದೆಯಾ ನೋಡಿ. ಇದ್ದರೆ ಸಡಿಲಿಸಿ, ಗುಳ್ಳೆಯಿಲ್ಲದ ಧಾರೆ ಬರುವವರೆಗೆ ತುಂಬಿ, ಬಿಗಿಮಾಡಿ.

ಈಗ ಮುಚ್ಚಳ ತೆರೆದೇ ಇಟ್ಟು, ಹೀಟರ್ ಪೂರ್ತಿ ಬಿಸಿಯಲ್ಲಿ, ಬ್ಲೋವರ್ ಸಣ್ಣಗೆ ಇಟ್ಟು ಸ್ಟಾರ್ಟ್ ಮಾಡಿ. ಎ.ಸಿ. ಬೇಡ. ಆಕ್ಸಿಲರೇಟರ್ ಮುಟ್ಟಬೇಡಿ. ಗುಳ್ಳೆ ಬರುತ್ತವೆ, ಮಟ್ಟ ಇಳಿಯುತ್ತದೆ, ಇಳಿದಷ್ಟು ತುಂಬುತ್ತಾ ಹೋಗಿ. ಹೋಸ್ ಇನ್ನೂ ಉಗುರುಬೆಚ್ಚಗಿರುವಾಗಲೇ ಅದನ್ನು ಮೆಲ್ಲಗೆ ಹಿಂಡಿ ಬಿಡಿ. ಹಿಂಡಿದಾಗೆಲ್ಲ ಇನ್ನೊಂದಿಷ್ಟು ಗುಳ್ಳೆ. ತೋಳು, ವೇಲು, ಸೆರಗು ಫ್ಯಾನ್ ಮತ್ತು ಬೆಲ್ಟಿನಿಂದ ದೂರ ಇರಲಿ.

ಹತ್ತು ಹದಿನೈದು ನಿಮಿಷದಲ್ಲಿ ಮಟ್ಟ ದಿಢೀರ್ ಅಂತ ಒಮ್ಮೆ ಕುಸಿಯುತ್ತದೆ. ಗಾಬರಿ ಬೇಡ, ಥರ್ಮೋಸ್ಟಾಟ್ ತೆರೆಯಿತು ಅಂತ. ಈಗ ಎರಡನೇ ಹೋಸೂ ಬಿಸಿಯಾಗತೊಡಗುತ್ತದೆ. ಮತ್ತೆ ತುಂಬಿ. ಕೂಲೆಂಟ್ ಉಕ್ಕಿ ಬರುವ ಲಕ್ಷಣ ಕಂಡರೆ ಕೈ ಹಾಕಿ ಮುಚ್ಚಲು ಹೋಗಬೇಡಿ. ಇಂಜಿನ್ ಆರಿಸಿ ಹಿಂದೆ ಸರಿಯಿರಿ.

ಕೆಲಸ ಮುಗಿಯಿತು ಅಂತ ಹೇಗೆ ಗೊತ್ತು? ನಾನು ನಂಬುವುದು ಹೀಟರನ್ನು. ಒಳಗೆ ಕೂತು ಗಾಳಿಗೆ ಕೈ ಒಡ್ಡಿ. ಇಂಜಿನ್ ಬಿಸಿಯಾಗಿದ್ದೂ ತಣ್ಣನೆ ಗಾಳಿ ಬಂದರೆ ಹೀಟರಿನೊಳಗೆ ಕೂಲೆಂಟ್ ಹರಿಯುತ್ತಿಲ್ಲ, ಗಾಳಿ ಇನ್ನೂ ಇದೆ. ಡ್ಯಾಶ್‌ಬೋರ್ಡಿನ ಹಿಂದೆ ನೀರು ಹರಿಯುವ ಗುಳುಗುಳು ಸದ್ದು ಕೇಳಿದರೂ ಅದೇ ಅರ್ಥ. ಬಿಸಿಗಾಳಿ ಒಂದೇ ಸಮನೆ ಬರಬೇಕು, ಬಾಯಲ್ಲಿ ಗುಳ್ಳೆ ನಿಲ್ಲಬೇಕು. ಫ್ಯಾನ್ ಎರಡು ಸಲ ತಿರುಗಿ ನಿಂತಿರಬೇಕು. ಅವು ಮೂರೂ ಆದ ಮೇಲೆ ಇಂಜಿನ್ ಆರಿಸಿ, ತಣಿಯಲು ಬಿಟ್ಟು, ಮುಚ್ಚಳ ಹಾಕಿ. ಡಬ್ಬಿಯನ್ನು ಕೆಳ ಮತ್ತು ಮೇಲಿನ ಗೆರೆಗಳ ನಡುವೆ ತುಂಬಿ. ಕಂಠಪೂರ್ತಿ ತುಂಬಬೇಡಿ, ಬಿಸಿಯಾದಾಗ ಹಿಗ್ಗಲು ಜಾಗ ಬೇಕು.

ಗಂಟೆಗಟ್ಟಲೆ ಬಿಟ್ಟರೂ ಗುಳ್ಳೆ ನಿಲ್ಲದೆ ಬರುತ್ತಲೇ ಇದ್ದರೆ ಅದು ಹೊರಗಿನ ಗಾಳಿಯಲ್ಲ. ಹೆಡ್ ಗ್ಯಾಸ್ಕೆಟ್ (ಹೆಡ್ಡಿಗೂ ಇಂಜಿನ್ ಬ್ಲಾಕಿಗೂ ನಡುವಿನ ಸೀಲ್) ಹೋಗಿ ಸಿಲಿಂಡರಿನ ಹೊಗೆ ಕೂಲೆಂಟಿಗೆ ಸೇರುತ್ತಿದೆ ಅನ್ನುವ ಅನುಮಾನ. ಆಯಿಲ್ ಮುಚ್ಚಳದಡಿ ಕಾಫಿ ನೊರೆಯಂಥ ಕೆನೆ, ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ, ಎಲ್ಲೂ ಸೋರದೆ ಕೂಲೆಂಟ್ ಮಾಯ: ಇವು ಜೊತೆಗಿದ್ದರೆ ಗಾಡಿ ಓಡಿಸಬೇಡಿ, ಎಳೆಸಿಕೊಂಡು ಗ್ಯಾರೇಜಿಗೆ ಹೋಗಿ. ಬೆಳಗ್ಗೆ ಮಾತ್ರ ಮುಚ್ಚಳದಡಿ ತೆಳ್ಳಗೆ ತೇವ ಕಂಡರೆ ಅಷ್ಟು ಹೆದರಬೇಕಿಲ್ಲ. ಬರೀ ಊರೊಳಗೆ ಓಡುವ ಗಾಡಿಗಳಲ್ಲಿ ಅದು ಮಾಮೂಲು.

## ಹಂತ 8: ಓಡಿಸಿ, ತಣಿಸಿ, ಮತ್ತೆ ನೋಡಿ

ಮೊದಲು ಮನೆ ಸುತ್ತ ನಾಲ್ಕೈದು ಕಿಲೋಮೀಟರ್. ಮುಳ್ಳು ನಡುವಿನಲ್ಲಿ ಅಲುಗಾಡದೆ ನಿಂತರೆ ಬೆಟ್ಟಕ್ಕೆ ಹೋಗಿ. ಮೈಸೂರಿನವರಿಗೆ ಇಷ್ಟು ಹತ್ತಿರ ಪರೀಕ್ಷೆಯ ಏರು ಇರುವುದು ಅನುಕೂಲ. ಮಂಡ್ಯ, ಪಾಂಡವಪುರದವರಿಗೆ ಮೇಲುಕೋಟೆ ಇದೆ. ಎ.ಸಿ. ಹಾಕಿ, ಕಮ್ಮಿ ಗೇರಿನಲ್ಲಿ ಹತ್ತಿ. ಮುಳ್ಳಿಲ್ಲದೆ ಬರೀ ದೀಪ ಇರುವ ಗಾಡಿಗಳಲ್ಲಿ ನೀಲಿ ದೀಪ ಅಂದರೆ ಇಂಜಿನ್ ಇನ್ನೂ ತಣ್ಣಗಿದೆ ಅಂತ, ಕೆಂಪು ಅಂದರೆ ನಿಲ್ಲಿಸಿ ಅಂತ.

ಮಾರನೇ ದಿನ ಬೆಳಗ್ಗೆ, ಸ್ಟಾರ್ಟ್ ಮಾಡುವ ಮುಂಚೆ ಡಬ್ಬಿ ನೋಡಿ. ಸ್ವಲ್ಪ ಇಳಿದಿರುತ್ತದೆ, ಉಳಿದ ಗಾಳಿಯ ಜಾಗಕ್ಕೆ ಕೂಲೆಂಟ್ ಹೋಗಿದೆ. ಗೆರೆವರೆಗೆ ತುಂಬಿ. ಎರಡನೇ ದಿನ ಇನ್ನೂ ಚೂರು ಇಳಿಯಬಹುದು. ಮೂರನೇ ದಿನವೂ ಇಳಿದರೆ ಎಲ್ಲೋ ಸೋರುತ್ತಿದೆ. ರಾತ್ರಿ ಗಾಡಿ ಕೆಳಗೆ ದೊಡ್ಡ ರಟ್ಟು ಹಾಸಿ. ಎ.ಸಿ. ನೀರು ತೊಟ್ಟಿಕ್ಕಿದ್ದರೆ ಬಣ್ಣವಿಲ್ಲದೆ ಒಣಗಿಹೋಗುತ್ತದೆ. ಕೂಲೆಂಟ್ ಆದರೆ ಬಣ್ಣದ ಕಲೆ ಉಳಿಯುತ್ತದೆ, ಬೆರಳಿಗೆ ಜಿಡ್ಡು ಹತ್ತುತ್ತದೆ. ಕಲೆ ಬಿದ್ದ ಜಾಗದ ನೇರ ಮೇಲೆ ಟಾರ್ಚ್ ಬಿಡಿ. ಹೆಚ್ಚಿನ ಸಲ ನೀವೇ ಬಿಚ್ಚಿ ಹಾಕಿದ ಕೆಳಗಿನ ಹೋಸಿನ ಕ್ಲಿಪ್ ಹಳೆ ಅಚ್ಚಿನ ಮೇಲೆ ಸರಿಯಾಗಿ ಕೂತಿರುವುದಿಲ್ಲ.